ಎರಡು ಮ್ಯಾಗ್ನೆಟೋ, ಎಂಟು ಪ್ಲಗ್ಗು

ಮುಂಬಯಿಯ ಮಳೆಗಾಲದಲ್ಲಿ ಸ್ಕೂಟರ್ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೋರು ಮಳೆ, ನಡುರಸ್ತೆಯಲ್ಲಿ ಗಾಡಿ ಬಂದ್. ಪಕ್ಕಕ್ಕೆ ತಳ್ಳಿ, ಪ್ಲಗ್ಗು ಬಿಚ್ಚಿ, ಮಸಿ ಒರೆಸಿ, ಉಪ್ಪುಕಾಗದದಿಂದ ಉಜ್ಜಿ ಮತ್ತೆ ಕೂರಿಸಿ ನಾಲ್ಕು ಕಿಕ್ ಹೊಡೆದರೆ ಆಯಿತು, ಆಫೀಸಿಗೆ ಅರ್ಧ ಗಂಟೆ ತಡ ಅಷ್ಟೆ. ಇದೇ ತೊಂದರೆ ಎರಡು ಸಾವಿರ ಅಡಿ ಮೇಲೆ ಬಂದರೆ? ಅಲ್ಲಿ ಪಕ್ಕಕ್ಕೆ ತಳ್ಳೋಣ ಅಂದರೆ ರಸ್ತೆಯೇ ಇಲ್ಲ. ಪೆಟ್ರೋಲ್ ಎಂಜಿನ್ನಿನ ಪುಟ್ಟ ವಿಮಾನಗಳು ಈ ಪ್ರಶ್ನೆಗೆ ಕಂಡುಕೊಂಡ ಉತ್ತರದ ಕಥೆ ಸ್ವಾರಸ್ಯವಾಗಿದೆ. ಅದರಲ್ಲಿ ನಮ್ಮ ಬೆಂಗಳೂರು, ಬಳ್ಳಾರಿಗಳೂ ಬರುತ್ತವೆ.

1903ರ ಡಿಸೆಂಬರ್ 17ರಂದು ರೈಟ್ ಸಹೋದರರು ಹಾರಿಸಿದ ವಿಮಾನದಲ್ಲಿ ಸ್ಪಾರ್ಕ್ ಪ್ಲಗ್ಗೇ ಇರಲಿಲ್ಲ! ಅವರ ಸೈಕಲ್ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಕಟ್ಟಿಕೊಟ್ಟ ಸುಮಾರು 12 ಅಶ್ವಶಕ್ತಿಯ ಎಂಜಿನ್ ಅದು. ಸಿಲಿಂಡರಿನ ಒಳಗೆ ಎರಡು ಲೋಹದ ತುದಿಗಳು ಒಂದನ್ನೊಂದು ಮುಟ್ಟಿ ದೂರ ಸರಿಯುವಾಗ ಏಳುವ ಕಿಡಿಯೇ ಪೆಟ್ರೋಲ್ ಆವಿಯನ್ನು ಹೊತ್ತಿಸಬೇಕಿತ್ತು. ಮೊದಲ ಹಾರಾಟ 12 ಸೆಕೆಂಡಿನದು. ಅಷ್ಟಕ್ಕೆ ಸಾಕಾಯಿತು. ಆದರೆ ಸಮುದ್ರ ದಾಟಲು, ಗಂಟೆಗಟ್ಟಲೆ ಹಾರಲು ಇದು ಸಾಲದು.

ದಾರಿ ಅದಾಗಲೇ ಜರ್ಮನಿಯಲ್ಲಿ ಸಿದ್ಧವಾಗಿತ್ತು. 1902ರಲ್ಲಿ ರಾಬರ್ಟ್ ಬಾಷ್ ಅವರ ಕಾರ್ಖಾನೆಯಲ್ಲಿ ಗಾಟ್ಲೋಬ್ ಹೊನೋಲ್ಡ್ ಎಂಬ ಎಂಜಿನಿಯರ್ ಹೈ ವೋಲ್ಟೇಜ್ ಮ್ಯಾಗ್ನೆಟೋ ಮತ್ತು ಅದಕ್ಕೆ ಹೊಂದುವ ಸ್ಪಾರ್ಕ್ ಪ್ಲಗ್ ತಯಾರಿಸಿದರು. ಬಾಷ್ ಎಂದರೆ ಬೆಂಗಳೂರಿನವರಿಗೆ ಬೇಗ ಹೊಳೆಯದಿರಬಹುದು, ಮೈಕೋ ಎಂದರೆ ತಕ್ಷಣ ಗೊತ್ತಾಗುತ್ತದೆ. 1951ರಲ್ಲಿ ಶುರುವಾದ ನಮ್ಮ ಆಡುಗೋಡಿಯ ಮೈಕೋ ಅದೇ ಬಾಷ್ ಬಳಗದ್ದು. 2008ರಲ್ಲಿ ಹೆಸರೂ ಬಾಷ್ ಎಂದೇ ಆಯಿತು.

ಮ್ಯಾಗ್ನೆಟೋದ ಜಾಣತನ ಏನು ಗೊತ್ತೇ? ಅದಕ್ಕೆ ಬ್ಯಾಟರಿ ಬೇಡ. ಎಂಜಿನ್ ತಿರುಗುತ್ತಿದ್ದರೆ ಸಾಕು, ಅಯಸ್ಕಾಂತ ಮತ್ತು ತಂತಿಯ ಸುರುಳಿಯ ನಡುವಿನ ಚಲನೆಯಿಂದಲೇ ವಿದ್ಯುತ್ ಹುಟ್ಟುತ್ತದೆ. ಸರಿಯಾದ ಕ್ಷಣಕ್ಕೆ ಒಂದು ಜೊತೆ ಪಾಯಿಂಟುಗಳು ತೆರೆದುಕೊಂಡು ಆ ಪ್ರವಾಹವನ್ನು ಕಡಿಯುತ್ತವೆ. ಆಗ ಪಕ್ಕದ ಸಣ್ಣ ತಂತಿಯ ಸುರುಳಿಯಲ್ಲಿ ಸಾವಿರಾರು ವೋಲ್ಟ್ ಎದ್ದು ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಿ ಹಾರುತ್ತದೆ. ವಿಮಾನದ ಬ್ಯಾಟರಿ ಪೂರ್ತಿ ಸತ್ತರೂ ಎಂಜಿನ್ ನಿಲ್ಲದು. ಇಂದಿಗೂ ಫ್ಲೈಯಿಂಗ್ ಕ್ಲಬ್ಬುಗಳ ಎಷ್ಟೋ ವಿಮಾನಗಳಲ್ಲಿ ಮ್ಯಾಗ್ನೆಟೋ ಇರುವುದು ಇದಕ್ಕೇ.

ಈ ಪುಟ್ಟ ಡಬ್ಬಿಗೆ ಎಷ್ಟು ಬೆಲೆ ಎಂಬುದು 1914ರಲ್ಲಿ ಯುದ್ಧ ಹತ್ತಿಕೊಂಡಾಗ ಬ್ರಿಟನ್ನಿಗೆ ಗೊತ್ತಾಯಿತು. ಅಲ್ಲಿಯ ಎಂಜಿನ್ನುಗಳು ಬಹುಮಟ್ಟಿಗೆ ಜರ್ಮನಿಯ ಮ್ಯಾಗ್ನೆಟೋಗಳನ್ನೇ ನಂಬಿದ್ದವು. ಒಮ್ಮೆಗೇ ಶತ್ರು ದೇಶದ ಮಾಲು! ವಿಮಾನ, ಲಾರಿ ಎಲ್ಲಕ್ಕೂ ಕಿಡಿ ಬೇಕು, ಕಿಡಿ ಕೊಡುವ ಕಾರ್ಖಾನೆ ಮಾತ್ರ ಎದುರು ಪಾಳೆಯದಲ್ಲಿ. ಬ್ರಿಟಿಷರು ಆ ಉದ್ಯಮವನ್ನು ಅವಸರದಲ್ಲಿ ತಮ್ಮಲ್ಲೇ ಬೆಳೆಸಬೇಕಾಯಿತು.

ಇನ್ನು ವಿಮಾನದವರ ಮುಖ್ಯ ಉಪಾಯಕ್ಕೆ ಬರೋಣ. ಎಂದೂ ಕೆಡದ ಪ್ಲಗ್ಗು ಮಾಡುತ್ತೇವೆ ಎಂದು ಅವರು ಹಟ ಹಿಡಿಯಲಿಲ್ಲ. ಕೆಟ್ಟೇ ಕೆಡುತ್ತದೆ ಎಂದು ಒಪ್ಪಿಕೊಂಡು ಎಲ್ಲವನ್ನೂ ಎರಡೆರಡು ಇಟ್ಟರು. ಎರಡು ಮ್ಯಾಗ್ನೆಟೋ, ಪ್ರತಿ ಸಿಲಿಂಡರಿಗೆ ಎರಡು ಪ್ಲಗ್ಗು, ಒಂದೊಂದು ಪ್ಲಗ್ಗಿಗೆ ಒಂದೊಂದು ಮ್ಯಾಗ್ನೆಟೋದಿಂದ ತಂತಿ. ಒಂದು ಕೈಕೊಟ್ಟರೂ ಇನ್ನೊಂದು ಮನೆ ಸೇರಿಸುತ್ತದೆ. ಇನ್ನೊಂದು ಲಾಭವೂ ಸಿಕ್ಕಿತು. ಎರಡು ಕಡೆಯಿಂದ ಬೆಂಕಿ ಹತ್ತುವುದರಿಂದ ಆವಿ ಬೇಗ ಉರಿದು ಶಕ್ತಿ ಸ್ವಲ್ಪ ಹೆಚ್ಚು.

ಜೋಡಿ ಇದ್ದ ಮಾತ್ರಕ್ಕೆ ಚಿಂತೆ ಮುಗಿಯಿತೇ? ಇಲ್ಲ. 1930ರ ಒಂದು ಪ್ರಸಂಗ ಕೇಳಿ. ಭಾರತ ಮತ್ತು ಇಂಗ್ಲೆಂಡ್ ನಡುವೆ ಒಂಟಿಯಾಗಿ ಹಾರುವ ಮೊದಲ ಭಾರತೀಯನಿಗೆ ಆಗಾ ಖಾನ್ 500 ಪೌಂಡ್ ಬಹುಮಾನ ಘೋಷಿಸಿದ್ದರು. ಯಾವ ಕಡೆಯಿಂದ ಹೊರಟರೂ ಸರಿ. ಮೂವರು ಕಣಕ್ಕಿಳಿದರು: ಮನಮೋಹನ್ ಸಿಂಗ್ (ನಮ್ಮ ಪ್ರಧಾನಿಯಾಗಿದ್ದವರಲ್ಲ, ಬೇರೆಯವರು), ಹದಿನೇಳರ ಹುಡುಗ ಆಸ್ಪಿ ಎಂಜಿನಿಯರ್, ಮತ್ತು ಜೆ.ಆರ್.ಡಿ. ಟಾಟಾ. ಆಸ್ಪಿ ಇಂಗ್ಲೆಂಡಿನಿಂದ ಇತ್ತ, ಜೆಆರ್‌ಡಿ ಕರಾಚಿಯಿಂದ ಅತ್ತ. ಇಬ್ಬರದೂ ಜಿಪ್ಸಿ ಮಾತ್ ವಿಮಾನ, ನಾಲ್ಕು ಸಿಲಿಂಡರು, ಎಂಟು ಪ್ಲಗ್ಗು.

ಈಜಿಪ್ಟಿನ ಅಬೂಕಿರ್‌ನಲ್ಲಿ ಜೆಆರ್‌ಡಿ ಇಳಿದಾಗ ಇನ್ನೊಂದು ಮಾತ್ ಅಲ್ಲಿ ನಿಂತಿತ್ತು. ಆಸ್ಪಿಯದು. ಪ್ಲಗ್ಗು ಕೆಟ್ಟಿದೆ, ಜೊತೆಗೆ ತಂದ ಸ್ಪೇರ್ ಇಲ್ಲ, ಹುಡುಗ ಕಾಯುತ್ತಾ ಕೂತಿದ್ದಾನೆ. ಜೆಆರ್‌ಡಿ ಹತ್ತಿರ ಸ್ಪೇರ್ ಇತ್ತು. ಸ್ಪರ್ಧೆ ಎಂದರೆ ಸ್ಪರ್ಧೆ, ಸುಮ್ಮನೆ ಹೊರಟುಬಿಟ್ಟಿದ್ದರೆ ಕೇಳುವವರಿರಲಿಲ್ಲ. ಅವರು ತಮ್ಮ ಪ್ಲಗ್ಗುಗಳನ್ನು ಕೊಟ್ಟರು. ಆಸ್ಪಿ ತನ್ನ ಲೈಫ್ ಜಾಕೆಟ್ಟನ್ನು ಅವರಿಗೆ ಕೊಟ್ಟ. ಅವನ ಸಮುದ್ರ ದಾಟಿ ಆಗಿತ್ತು, ಇವರದು ಮುಂದಿತ್ತು. ಕೊನೆಗೆ ಕೆಲವೇ ಗಂಟೆಗಳ ಅಂತರದಲ್ಲಿ ಆಸ್ಪಿಯೇ ಗೆದ್ದ. ಮನಮೋಹನ್ ಸಿಂಗ್ ಗುರಿ ಮುಟ್ಟಿದರೂ ಗೊತ್ತುಪಡಿಸಿದ ಅವಧಿ ಮೀರಿದ್ದರಿಂದ ಬಹುಮಾನ ತಪ್ಪಿತು.

ಈ ಆಸ್ಪಿ ಮುಂದೆ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ನೇತೃತ್ವ ವಹಿಸಿ, 1960ರಿಂದ 1964ರವರೆಗೆ ಭಾರತೀಯ ವಾಯುಪಡೆಯ ಮುಖ್ಯಸ್ಥರಾಗಿದ್ದರು. ಎರವಲು ಪ್ಲಗ್ಗಿನ ಮೇಲೆ ಮನೆ ಸೇರಿದ ಹುಡುಗ!

ಪ್ಲಗ್ಗು ಕೆಡುವುದು ಏಕೆ? ಎಣ್ಣೆ ಸೋರಿ ಮಸಿ ಕಟ್ಟುತ್ತದೆ, ನಿರೋಧಕ ಭಾಗ ಬಿರುಕು ಬಿಡುತ್ತದೆ, ತೇವ ಸೇರುತ್ತದೆ. ಈಗ ಇನ್ನೊಂದು ಕಾರಣವೂ ಇದೆ. ಈ ಎಂಜಿನ್ನುಗಳು ಕುಡಿಯುವ 100 ಎಲ್ಎಲ್ ಪೆಟ್ರೋಲಿನಲ್ಲಿ ಸೀಸದ ಅಂಶ ಇದೆ, ಅದು ಪ್ಲಗ್ಗಿನ ತುದಿಯಲ್ಲಿ ಸಣ್ಣ ಉಂಡೆಗಳಾಗಿ ಕೂರುತ್ತದೆ.

ಜೋಡಿ ವ್ಯವಸ್ಥೆಯ ಒಂದು ಅಪಾಯ ಏನೆಂದರೆ, ಒಂದು ಸತ್ತಿದ್ದರೂ ಇನ್ನೊಂದು ಅದನ್ನು ಮುಚ್ಚಿಡುತ್ತದೆ. ಹಾಗಾಗಿ ಪ್ರತಿ ಹಾರಾಟಕ್ಕೆ ಮೊದಲು ನೆಲದ ಮೇಲೆಯೇ ಒಂದೊಂದನ್ನೂ ಬೇರೆಬೇರೆಯಾಗಿ ಪರೀಕ್ಷಿಸುವ ಕ್ರಮ ಬಂತು. ಸೆಸ್ನಾ 172ಎನ್ ಮಾದರಿಯಲ್ಲಿ ಎಂಜಿನನ್ನು 1700 ಸುತ್ತಿಗೆ ಏರಿಸಿ, ಕೀಲಿಯನ್ನು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗಿಸುತ್ತಾರೆ. ಒಂದೇ ಮ್ಯಾಗ್ನೆಟೋ ಮೇಲೆ ಓಡುವಾಗ ಸುತ್ತು ಸ್ವಲ್ಪ ಇಳಿಯಬೇಕು, ಆದರೆ 125ಕ್ಕಿಂತ ಹೆಚ್ಚಲ್ಲ. ಎರಡರ ನಡುವಿನ ವ್ಯತ್ಯಾಸ 50 ಮೀರಬಾರದು.

ಆ ಇಳಿತವನ್ನು ಓದುವುದು ವೈದ್ಯರು ನಾಡಿ ನೋಡಿದ ಹಾಗೆ. ಇಳಿತ ಜಾಸ್ತಿಯಾಗಿ ಎಂಜಿನ್ ಕುಂಟುತ್ತಿದ್ದರೆ ಯಾವುದೋ ಪ್ಲಗ್ಗಿಗೆ ಮಸಿ ಕಟ್ಟಿದೆ ಎಂಬ ಗುಮಾನಿ. ನೆಲದ ಮೇಲೆಯೇ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಮಾಡಿ ಸ್ವಲ್ಪ ಹೊತ್ತು ಓಡಿಸಿದರೆ ಎಷ್ಟೋ ಸಲ ಮಸಿ ಸುಟ್ಟುಹೋಗುತ್ತದೆ. ಹೋಗದಿದ್ದರೆ ಹಾರಾಟ ರದ್ದು, ಮೆಕ್ಯಾನಿಕ್ ಕೆಲಸ ಶುರು. ಅನುಮಾನದ ಮ್ಯಾಗ್ನೆಟೋ ಮೇಲೆ ಓಡಿಸಿ ನಿಲ್ಲಿಸಿ, ಯಾವ ಸಿಲಿಂಡರು ಉಳಿದವಕ್ಕಿಂತ ತಣ್ಣಗಿದೆ ಎಂದು ನೋಡುತ್ತಾರೆ. ಅಲ್ಲಿಯ ಪ್ಲಗ್ಗನ್ನು ಬೇರೆ ಸಿಲಿಂಡರಿಗೆ ಹಾಕಿ ನೋಡಿದಾಗ ರೋಗವೂ ಜೊತೆಗೇ ಹೋದರೆ ತಪ್ಪು ಪ್ಲಗ್ಗಿನದು. ರೋಗ ಅಲ್ಲೇ ಉಳಿದರೆ ತಂತಿ ಅಥವಾ ಮ್ಯಾಗ್ನೆಟೋ ನೋಡಬೇಕು. ಕುಂಟದೆ ನಯವಾಗಿಯೇ ಹೆಚ್ಚು ಇಳಿದರೆ ಕಿಡಿಯ ಟೈಮಿಂಗ್ ತಪ್ಪಿರಬಹುದು.

ಎಲ್ಲಕ್ಕಿಂತ ಅಪಾಯದ ಲಕ್ಷಣ ಯಾವುದು ಹೇಳಿ? ಸುತ್ತು ಒಂದಿಷ್ಟೂ ಇಳಿಯದೇ ಇರುವುದು! ಹೊಸಬರು ಎಷ್ಟು ಚೆನ್ನಾಗಿದೆ ಎಂದುಕೊಳ್ಳಬಹುದು. ನಮ್ಮ ಮನೆಯ ಸ್ವಿಚ್ಚು ಆಫ್ ಮಾಡಿದರೆ ತಂತಿ ಕಡಿಯುತ್ತದೆ. ಮ್ಯಾಗ್ನೆಟೋದ್ದು ತದ್ವಿರುದ್ಧ. ಅದು ಸ್ವಭಾವತಃ ಸದಾ ಜೀವಂತ, ಒಂದು ತಂತಿ ಅದನ್ನು ಎಂಜಿನ್ನಿನ ಮೈಗೆ ಜೋಡಿಸಿದಾಗ ಮಾತ್ರ ಸುಮ್ಮನಾಗುತ್ತದೆ. ಆ ತಂತಿ ತುಂಡಾಗಿದ್ದರೆ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡರೂ ಮ್ಯಾಗ್ನೆಟೋ ಎಚ್ಚರವಾಗಿಯೇ ಇರುತ್ತದೆ. ಯಾರೋ ಪ್ರೊಪೆಲ್ಲರನ್ನು ಕೈಯಿಂದ ಸ್ವಲ್ಪ ತಿರುಗಿಸಿದರೂ ಎಂಜಿನ್ ಹೊತ್ತಿಕೊಂಡು ಜೀವಕ್ಕೇ ಎರವಾಗಬಹುದು. ಬೆಂಗಳೂರಿನಲ್ಲೇ ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಹಾರಿದ ಎಚ್ಎಎಲ್ ಪುಷ್ಪಕ್ ವಿಮಾನವನ್ನು ಚಾಲೂ ಮಾಡುತ್ತಿದ್ದುದೇ ಕೈಯಿಂದ ಪ್ರೊಪೆಲ್ಲರ್ ತಿರುಗಿಸಿ. ಅಂಥ ಕಡೆ ನಿಂತಿರುವ ಪ್ರೊಪೆಲ್ಲರನ್ನೂ ಓಡುತ್ತಿರುವಂತೆಯೇ ಕಾಣಬೇಕು ಎಂಬುದು ಮೊದಲ ಪಾಠ.

ಈಗ ಜುಹುಗೆ ಬರೋಣ. 1932ರ ಅಕ್ಟೋಬರ್ 15ರಂದು ಜೆಆರ್‌ಡಿ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಪುಸ್ ಮಾತ್ ವಿಮಾನದಲ್ಲಿ ಟಪಾಲು ತಂದು ಇಳಿದದ್ದು ಇಲ್ಲೇ. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಆ ಟಪಾಲನ್ನು ಒಯ್ದದ್ದು ಬಳ್ಳಾರಿ ಮಾರ್ಗವಾಗಿ ಮದರಾಸಿಗೆ. ಆ ಟಪಾಲು ವಿಮಾನದ ದಾರಿಯಲ್ಲಿ ನಮ್ಮ ಬಳ್ಳಾರಿಯೂ ಒಂದು ನಿಲ್ದಾಣ! ಒಂದೇ ಎಂಜಿನ್, ಕೆಳಗೆ ಘಟ್ಟ, ಆಮೇಲೆ ಬಯಲುಸೀಮೆ. ನಂಬಿಕೆಗೆ ಇದ್ದದ್ದು ಎರಡು ಮ್ಯಾಗ್ನೆಟೋ, ಎಂಟು ಪ್ಲಗ್ಗು. 1982ರಲ್ಲಿ 78ರ ವಯಸ್ಸಿನ ಜೆಆರ್‌ಡಿ ಕರಾಚಿಯಿಂದ ಮುಂಬಯಿಗೆ ಮತ್ತೆ ಹಾರಿದಾಗಲೂ ಅಂಥದೇ ಹಳೆಯ ಕಾಲದ ಲೆಪರ್ಡ್ ಮಾತ್.

ಈಗ ಎಲೆಕ್ಟ್ರಾನಿಕ್ ಇಗ್ನಿಷನ್ ಬಂದಿದೆ. ಪುಟ್ಟ ವಿಮಾನಗಳಲ್ಲಿ ಹೆಸರಾದ ರೋಟಾಕ್ಸ್ 912 ಎಂಜಿನ್ನಿನಲ್ಲಿ ಪಾಯಿಂಟುಗಳೇ ಇಲ್ಲ. ಆದರೂ ಅದರಲ್ಲಿ ಇಗ್ನಿಷನ್ ವ್ಯವಸ್ಥೆ ಎರಡು, ಹಾರುವ ಮೊದಲು ಒಂದೊಂದನ್ನೇ ಆರಿಸಿ ನೋಡುವ ಪರೀಕ್ಷೆಯೂ ಹಾಗೇ ಇದೆ. ಯಂತ್ರ ಬದಲಾಯಿತು, ಸಂಶಯ ಬದಲಾಗಲಿಲ್ಲ.

ಮುಂದಿನ ಸಲ ಊರಿನಿಂದ ಬಂದ ನೆಂಟರನ್ನು ಜುಹು ಬೀಚಿಗೆ ಕರೆದುಕೊಂಡು ಹೋದಾಗ, ಭೇಲ್ ಪುರಿ ಮುಗಿದ ಮೇಲೆ ಹೆಲಿಕಾಪ್ಟರುಗಳು ಏಳುವ ಆ ಹಳೆಯ ನಿಲ್ದಾಣವನ್ನೂ ಒಮ್ಮೆ ತೋರಿಸಿ. ನೆಂಟರು ಬಳ್ಳಾರಿಯವರಾದರಂತೂ ತಪ್ಪದೆ ತೋರಿಸಿ.