ಸುಂಕದ ಕಟ್ಟೆ ಯಾರದು?

ಹೆಬ್ಬಾಳದಿಂದ ಯಲಹಂಕ, ಚಿಕ್ಕಜಾಲ ದಾಟಿ ದೇವನಹಳ್ಳಿಯತ್ತ ಸಾಗುವ ಹೆದ್ದಾರಿಯಲ್ಲಿ ಸಾದಹಳ್ಳಿ ಬಳಿ ಟೋಲ್ ಕಟ್ಟೆ ಇದೆ. ದರ ದುಬಾರಿ ಎಂದು ಗೊಣಗುವವರು ಬಹಳ. ಆದರೂ ಆ ದರಕ್ಕೆ ಸರ್ಕಾರದ ನಿಯಮವೊಂದಿದೆ. ಇದೇ ಹಾದಿಯಲ್ಲಿ ನಿತ್ಯ ಓಡಾಡುವ ತಂತ್ರಾಂಶ ನೌಕರರ ಉದ್ಯಮದಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ರಸ್ತೆಯೂ ಒಬ್ಬನದೇ, ಕಟ್ಟೆಯೂ ಅವನದೇ, ದರ ಗೊತ್ತುಪಡಿಸುವವನೂ ಅವನೇ. ಏಕಸ್ವಾಮ್ಯದ ಈ ತಗಾದೆ ಹೊಸದೇನಲ್ಲ. ಬೆಂಗಳೂರಿಗೆ ಅನ್ನ ನೀಡಿದ ಉದ್ಯಮಕ್ಕೆ ದಾರಿ ತೆರೆದದ್ದೇ ಅಂಥದೊಂದು ಕಟ್ಟೆ ಸಡಿಲವಾದಾಗ.

1960ರ ದಶಕದಲ್ಲಿ ಗಣಕಯಂತ್ರವೆಂದರೆ ಐಬಿಎಂ. ಯಂತ್ರ, ತಂತ್ರಾಂಶ, ತರಬೇತಿ ಎಲ್ಲವನ್ನೂ ಆ ಕಂಪೆನಿ ಒಂದೇ ಗಂಟು ಕಟ್ಟಿ ಕೊಡುತ್ತಿತ್ತು. ತಂತ್ರಾಂಶಕ್ಕೆ ಪ್ರತ್ಯೇಕ ಬೆಲೆಯೇ ಇಲ್ಲದಿದ್ದಾಗ ಅದನ್ನಷ್ಟೇ ಬರೆದು ಮಾರುವವನಿಗೆ ಗಿರಾಕಿ ಎಲ್ಲಿ ಸಿಕ್ಕಾನು? 1969ರ ಜನವರಿಯಲ್ಲಿ ಅಮೆರಿಕ ಸರ್ಕಾರ ಐಬಿಎಂ ವಿರುದ್ಧ ಏಕಸ್ವಾಮ್ಯದ ಮೊಕದ್ದಮೆ ಹೂಡಿತು. ಅದೇ ವರ್ಷ ಜೂನ್‌ನಲ್ಲಿ ಕಂಪೆನಿ ತಾನಾಗಿ ಗಂಟು ಬಿಚ್ಚಿ, ತಂತ್ರಾಂಶ ಮತ್ತು ಸೇವೆಗಳಿಗೆ ಬೇರೆ ಬೆಲೆ ಇಡುವುದಾಗಿ ಸಾರಿತು. ಮೊಕದ್ದಮೆ ಹದಿಮೂರು ವರ್ಷ ಎಳೆದಾಡಿ, 1982ರಲ್ಲಿ ಸರ್ಕಾರವೇ ಅದನ್ನು ಕೈಬಿಟ್ಟಿತು. ತೀರ್ಪು ಬರಲಿಲ್ಲ, ಆದರೆ ತಂತ್ರಾಂಶಕ್ಕೆಂದೇ ಒಂದು ಮಾರುಕಟ್ಟೆ ಬೆಳೆದಿತ್ತು.

ಭಾರತ ಹಿಡಿದದ್ದು ಬೇರೆ ದಾರಿ. ಇಲ್ಲೂ 1969ರಲ್ಲೇ ಏಕಸ್ವಾಮ್ಯ ನಿಯಂತ್ರಣ ಕಾಯ್ದೆ ಬಂದಿತ್ತು. ಆದರೆ ಐಬಿಎಂಗೆ ತೊಡಕಾದದ್ದು 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ. ವಿದೇಶಿ ಪಾಲನ್ನು ಶೇ 40ಕ್ಕೆ ಇಳಿಸಲು ಒಪ್ಪದ ಕಂಪೆನಿ 1978ರಲ್ಲಿ ದೇಶ ಬಿಟ್ಟಿತು. ಅದು ಬಿಟ್ಟುಹೋದ ಯಂತ್ರಗಳ ನಿರ್ವಹಣೆ ಸರ್ಕಾರಿ ಸಂಸ್ಥೆ ಸಿಎಂಸಿಯ ಪಾಲಾಯಿತು. ಖಾಲಿಯಾದ ಕಣಕ್ಕೆ ಎಚ್‌ಸಿಎಲ್, ಅಡುಗೆ ಎಣ್ಣೆ ತಯಾರಿಸುತ್ತಿದ್ದ ವಿಪ್ರೊ ಮುಂತಾದವು ಇಳಿದವು. ಆದರೆ ಒಬ್ಬನನ್ನು ಹೊರಗಟ್ಟಿದ ಮಾತ್ರಕ್ಕೆ ಸ್ಪರ್ಧೆ ಹುಟ್ಟುವುದಿಲ್ಲ. ಆಮದು ನಿರ್ಬಂಧ, ಲೈಸೆನ್ಸ್‌ಗಳ ನಡುವೆ ಕಂಪ್ಯೂಟರ್ ಬಹುಕಾಲ ದುಬಾರಿಯಾಗಿಯೇ ಉಳಿಯಿತು. 1992ರಲ್ಲಿ ಟಾಟಾ ಜತೆಗೂಡಿ ಮರಳಿದ ಐಬಿಎಂ ಈಗ ಹೆಬ್ಬಾಳದ ಸಮೀಪ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಹಲವರಲ್ಲಿ ಒಂದು.

ಅಷ್ಟರಲ್ಲಿ ಕಟ್ಟೆಯ ಒಡೆಯರು ಬದಲಾಗಿದ್ದರು. ವಿಂಡೋಸ್ ಜತೆ ತನ್ನದೇ ಬ್ರೌಸರ್ ಸೇರಿಸಿ ಪ್ರತಿಸ್ಪರ್ಧಿಯನ್ನು ಹತ್ತಿಕ್ಕಿದ ಆರೋಪದ ಮೇಲೆ ಮೈಕ್ರೋಸಾಫ್ಟ್ 1998ರಲ್ಲಿ ಕಟಕಟೆ ಹತ್ತಿತು. ಕಂಪೆನಿಯನ್ನು ಎರಡಾಗಿ ಒಡೆಯಬೇಕೆಂಬ 2000ದ ಆದೇಶವನ್ನು ಮರುವರ್ಷ ಮೇಲಿನ ನ್ಯಾಯಾಲಯ ರದ್ದು ಮಾಡಿತು. ಆದರೆ ಏಕಸ್ವಾಮ್ಯ ಕಾಯ್ದುಕೊಳ್ಳಲು ಕಾನೂನು ಮೀರಿದೆ ಎಂಬ ತೀರ್ಮಾನ ಮುಖ್ಯಾಂಶದಲ್ಲಿ ಉಳಿಯಿತು.

ಈಗಿನ ತಗಾದೆ ಗೂಗಲ್‌ನದು. ಫೋನಿನ ಆ್ಯಪ್‌ಗಳೊಳಗೆ ಮಾರುವ ಡಿಜಿಟಲ್ ಸರಕಿಗೆ ತನ್ನ ಪಾವತಿ ವ್ಯವಸ್ಥೆಯನ್ನೇ ಬಳಸಿ, ಶೇ 30ರವರೆಗೆ ಕಮಿಷನ್ ಕೊಡಬೇಕೆಂದು ಅದು 2020ರ ಸೆಪ್ಟೆಂಬರ್‌ನಲ್ಲಿ ಪಟ್ಟು ಹಿಡಿದಾಗ ನವೋದ್ಯಮಗಳು ಸಿಡಿದೆದ್ದವು. ಆಂಡ್ರಾಯ್ಡ್ ಉಚಿತ, ಸುರಕ್ಷತೆಗೆ ಖರ್ಚಿದೆ ಎಂಬುದು ಕಂಪೆನಿಯ ವಾದ. ತನಿಖೆಯ ಹಂತದಲ್ಲಿ, 2021ರ ಡಿಸೆಂಬರ್‌ನಲ್ಲಿ, ಅದು ಕರ್ನಾಟಕ ಹೈಕೋರ್ಟಿನ ಕದವನ್ನೂ ತಟ್ಟಿತ್ತು. 2022ರ ಅಕ್ಟೋಬರ್‌ನಲ್ಲಿ ಭಾರತ ಸ್ಪರ್ಧಾ ಆಯೋಗ ಈ ಪ್ರಕರಣದಲ್ಲಿ 936.44 ಕೋಟಿ ರೂಪಾಯಿ ದಂಡ ವಿಧಿಸಿತು. 2025ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು 216.69 ಕೋಟಿಗೆ ಇಳಿಸಿತು. ಮುಂದೆ ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

ದಂಡದ ಮೊತ್ತಕ್ಕಿಂತ ಮುಖ್ಯವಾದದ್ದು ಬೇರೆಯೇ ಇದೆ. 2024ರ ಮಾರ್ಚ್ 1ರಂದು, ಶುಲ್ಕ ಕೊಡಲಿಲ್ಲವೆಂದು ಹತ್ತು ಭಾರತೀಯ ಕಂಪೆನಿಗಳ ಆ್ಯಪ್‌ಗಳನ್ನು ಗೂಗಲ್ ತನ್ನ ಮಳಿಗೆಯಿಂದ ತೆಗೆಯತೊಡಗಿತು. ಕೇಂದ್ರ ಸರ್ಕಾರ ಮಧ್ಯೆ ಪ್ರವೇಶಿಸಿದ ಬಳಿಕ ಕೆಲವೇ ದಿನಗಳಲ್ಲಿ ಅವು ಮರಳಿದವು. ದೊಡ್ಡ ಕಂಪೆನಿಗಳಿಗೆ ಮಂತ್ರಿಗಳ ಬಾಗಿಲು ತೆರೆದೀತು. ಬಾಡಿಗೆ ಕೋಣೆಯಲ್ಲಿ ಕುಳಿತು ಆ್ಯಪ್ ಬರೆಯುವ ಯಲಹಂಕದ ಹುಡುಗ ಯಾರ ಬಾಗಿಲಿಗೆ ಹೋಗಬೇಕು?

ಭಾರತದ ಸ್ಪರ್ಧಾ ಕಾಯ್ದೆಯ ಕಣ್ಣಿನಲ್ಲಿ ದೊಡ್ಡದಾಗಿ ಬೆಳೆಯುವುದು ಅಪರಾಧವಲ್ಲ, ಆ ಬಲದ ದುರುಪಯೋಗ ಅಪರಾಧ. ಸುಂಕದವನ ಮುಂದೆ ಸುಖ ದುಃಖ ಹೇಳಿಕೊಂಡು ಫಲವಿಲ್ಲ ಎನ್ನುವುದು ಹಳೆಯ ಮಾತು. ಹೇಳಿಕೊಳ್ಳಲು ಇನ್ನೊಂದು ಜಾಗ ಇರಲಿ ಎಂದೇ ಇಂಥ ಕಾಯ್ದೆಗಳು ಹುಟ್ಟಿದ್ದು.