ಹೊಳೆ ದಂಡೆಯ ಖಾಲಿ ಮೇಜು

ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆ ಇಟ್ಟು, ಬಾಗಿಲು ಮುಂದೆ ಮಾಡಿ, ನಾವೆಲ್ಲ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತೇವೆ. ಒಳಗೆ ಮಣೆ, ಬಾಳೆಯೆಲೆ. ಕೂತವರು ಯಾರೂ ಇಲ್ಲ. ಚಿಕ್ಕಂದಿನಲ್ಲಿ ನನಗೆ ಅದೊಂದು ಹೆದರಿಕೆ. ಅಮ್ಮ ತೀರಿಕೊಂಡ ಮೇಲೆ ಆ ಖಾಲಿ ಮಣೆಯನ್ನು ನೋಡುವ ನನ್ನ ಕಣ್ಣೇ ಬೇರೆಯಾಯಿತು.

ಹೀಗಾಗಿಯೇ ಏನೋ, ರುಮೇನಿಯಾ ದೇಶದ ಟರ್ಗು ಜಿಯು ಎಂಬ ಊರಿನ ಚಿತ್ರವೊಂದನ್ನು ಪುಸ್ತಕದಲ್ಲಿ ಕಂಡಾಗ ಪುಟ ತಿರುಗಿಸಲಾಗಲಿಲ್ಲ. ಹೊಳೆಯ ಪಕ್ಕದ ಮರಗಳ ನಡುವೆ ದುಂಡನೆಯ ಕಲ್ಲಿನ ಮೇಜು, ಸುತ್ತ ಹನ್ನೆರಡು ಕಲ್ಲಿನ ಪೀಠಗಳು. ಅದರ ಹೆಸರು 'ಮೌನದ ಮೇಜು'.

1916ರ ಅಕ್ಟೋಬರಿನಲ್ಲಿ ಜರ್ಮನ್ ಸೈನ್ಯ ಜಿಯು ಹೊಳೆಯ ಸೇತುವೆಯವರೆಗೆ ಬಂದಿತ್ತು. ಊರಿನಲ್ಲಿದ್ದ ಮುದುಕರು, ಹೆಂಗಸರು, ಹುಡುಗರು ಕೂಡ ಅದಕ್ಕೆ ಅಡ್ಡ ನಿಂತರು. ಅವರಲ್ಲಿದ್ದ ಎಕಟೆರಿನಾ ತೆಯೊಡೊರೊಯು ಎಂಬ ಹುಡುಗಿ ಮುಂದೆ ಸೈನ್ಯ ಸೇರಿ, 1917ರಲ್ಲಿ ರಣರಂಗದಲ್ಲೇ ಮಡಿದಳು.

ಸುಮಾರು ಇಪ್ಪತ್ತು ವರ್ಷದ ಮೇಲೆ, ಆ ಯುದ್ಧದಲ್ಲಿ ಸತ್ತವರಿಗೊಂದು ಸ್ಮಾರಕ ಬೇಕೆಂದು ಹೊರಟದ್ದು ಆ ಜಿಲ್ಲೆಯ ಮಹಿಳಾ ಸಂಘ. ಅಧ್ಯಕ್ಷೆ ಅರೆಟಿಯಾ ಟಟರೆಸ್ಕು. ಮೊದಲು ಕೇಳಿದ್ದು ಮಿಲಿಟ್ಸಾ ಪೆಟ್ರಾಷ್ಕು ಎಂಬ ಶಿಲ್ಪಿಯನ್ನು. ಆಕೆ, ಇದಕ್ಕೆ ತಕ್ಕವರು ನನ್ನ ಗುರುಗಳು ಎಂದು ಬ್ರಾಂಕುಸಿಯ ಹೆಸರು ಹೇಳಿದಳು. ಬಂದ ಕೆಲಸವನ್ನು ಹಾಗೆ ಬಿಟ್ಟುಕೊಡುವ ಮನಸ್ಸು ಎಷ್ಟು ಜನರಿಗಿರುತ್ತದೆ, ಹೇಳಿ!

ಬ್ರಾಂಕುಸಿ ಅದೇ ಜಿಲ್ಲೆಯ ಹಳ್ಳಿಯಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಹೆಸರಾದವನು. ಈ ಕೆಲಸಕ್ಕೆ ಸಂಭಾವನೆ ತೆಗೆದುಕೊಳ್ಳಲಿಲ್ಲ. ಮೇಜಿನಿಂದ ಹೊರಟರೆ 'ಚುಂಬನದ ಬಾಗಿಲು', ಅಲ್ಲಿಂದ ಊರನ್ನು ಹಾದು ಒಂದು ಕಿಲೋಮೀಟರಿಗೂ ಹೆಚ್ಚು ನಡೆದರೆ 29 ಮೀಟರಿಗೂ ಎತ್ತರದ 'ಕೊನೆಯಿಲ್ಲದ ಕಂಬ'. ಎರಕದ ಕಬ್ಬಿಣದ ಒಂದೇ ಆಕಾರದ ತುಂಡುಗಳನ್ನು ಮಣಿ ಪೋಣಿಸಿದಂತೆ ಒಂದರ ಮೇಲೊಂದು ಏರಿಸಿದ್ದಾರೆ. ಎಲ್ಲವೂ 1938ರ ಅಕ್ಟೋಬರ್ 27ರಂದು ಊರಿನವರ ಕೈಸೇರಿತು. ಅದೇ ವರ್ಷ ಅವನು ಇಂದೋರಿಗೂ ಬಂದಿದ್ದ. ಅಲ್ಲಿನ ಮಹಾರಾಜರಿಗಾಗಿ ಕೊಳವಿರುವ ಧ್ಯಾನಮಂದಿರವೊಂದನ್ನು ಕಟ್ಟುವ ಯೋಜನೆಯಿತ್ತು. ಅರಸರ ಮಂದಿರ ಮೇಲೇಳಲೇ ಇಲ್ಲ. ಹೆಂಗಸರ ಸಂಘದ ಮೇಜು ನಿಂತಿತು.

1950ರ ದಶಕದಲ್ಲಿ ಅಧಿಕಾರದಲ್ಲಿದ್ದವರು ಕಂಬವನ್ನು ಗುಜರಿಗೆ ಹಾಕಲು ಎಳೆದು ಕೆಡವಹೊರಟರು. ಅದು ಬೀಳಲಿಲ್ಲ. 2024ರಲ್ಲಿ ಇಡೀ ಸ್ಮಾರಕ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ನಮ್ಮ ಮಹಿಳಾ ಸಮಾಜದಲ್ಲಿ ಈ ಕಥೆ ಹೇಳಿದಾಗ ಹಿರಿಯರೊಬ್ಬರು, "ಅಲ್ಲಮ್ಮಾ, ಇಷ್ಟೆಲ್ಲ ಮಾಡಿ ಒಂದು ಮೂರ್ತಿಯನ್ನಾದರೂ ನಿಲ್ಲಿಸಬಾರದಿತ್ತೇ?" ಎಂದರು.

ನಿಲ್ಲಿಸಬಹುದಿತ್ತು. ಆದರೆ ಮೂರ್ತಿಗೊಂದು ಮುಖ ಬೇಕಲ್ಲ, ಯಾವ ತಾಯಿಯ ಮಗನ ಮುಖ ಕೆತ್ತುವುದು? ಖಾಲಿ ಪೀಠವಾದರೆ ಪ್ರತಿಯೊಬ್ಬ ತಾಯಿಯೂ ತನ್ನವನನ್ನು ಅಲ್ಲಿ ಕೂರಿಸಿಕೊಳ್ಳಬಹುದು.

ಅವರು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ನಮ್ಮ ಎಡೆಯೂ ಹಾಗೇ ಅಲ್ಲವೇ," ಎಂದರು.