ದಾಕು ಮತ್ತು ಮಾತು

ಲಸಿಕೆ ಎಂಬ ಶಬ್ದ ರೂಢಿಯಾಗುವ ಮೊದಲು ಕನ್ನಡಿಗರು ಅದನ್ನು ದಾಕು ಹಾಕುವುದು, ದೇವಿ ಹಾಕುವುದು ಎನ್ನುತ್ತಿದ್ದರು. ಸಿಡುಬಿಗೂ, ಅದನ್ನು ತರುವಳೆಂದು ನಂಬಲಾದ ದೇವತೆಗೂ, ಅದನ್ನು ತಡೆಯುವ ಉಪಾಯಕ್ಕೂ ದೇವಿ ಎಂಬ ಒಂದೇ ಹೆಸರು ಸಂದುದರಿಂದ, ಹೊಸ ವಿದ್ಯೆಯನ್ನು ಜನ ಹಳೆಯ ನಂಬಿಕೆಯ ಒಳಗೇ ಇಟ್ಟು ಅರ್ಥಮಾಡಿಕೊಂಡರೆಂದು ಊಹಿಸಬಹುದು. ವಿಜ್ಞಾನ ಓದದವರ ಮುಂದೆ ಲಸಿಕೆಯ ಮಾತೆತ್ತುವ ಪ್ರಯತ್ನಕ್ಕೆ ಭಾರತದಲ್ಲಿ ಲಸಿಕೆಯಷ್ಟೇ ವಯಸ್ಸಾಗಿದೆ. ಆದರೆ ತಿಳಿಸುವುದು ಬೇರೆ, ಒಪ್ಪಿಸುವುದು ಬೇರೆ ಎಂಬುದನ್ನು ಮೊದಮೊದಲಿನವರು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಎಡ್ವರ್ಡ್ ಜೆನ್ನರ್ 1796ರಲ್ಲಿ ದನಸಿಡುಬಿನ, ಅಂದರೆ ಹಸುವಿನ ಕೆಚ್ಚಲಿನ ಮೇಲೆ ಏಳುವ ಗುಳ್ಳೆರೋಗದ, ರಸವನ್ನು ಎಂಟು ವರ್ಷದ ಬಾಲಕನ ತೋಳಿಗೆ ಗೀರಿ ಸೇರಿಸಿ, ಅದು ಮನುಷ್ಯರ ಸಿಡುಬನ್ನು ತಡೆಯುವುದೆಂದು ತೋರಿಸಿದನು. ಆ ರಸ ಬಾಗ್ದಾದ್, ಬಸ್ರಾಗಳ ಮಾರ್ಗವಾಗಿ ಮುಂಬಯಿಗೆ ಬಂದು, 1802ರ ಜೂನ್ 14ರಂದು ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಯ ತೋಳಿನಲ್ಲಿ ಫಲಿಸಿತು. ಬಿಸಿಲಿನ ನಾಡಿನಲ್ಲಿ ಒಣಗಿದ ರಸ ಬೇಗನೆ ಸತ್ವ ಕಳೆದುಕೊಳ್ಳುತ್ತಿದ್ದುದರಿಂದ, ಒಬ್ಬರ ತೋಳಿನ ಗುಳ್ಳೆಯಿಂದ ಇನ್ನೊಬ್ಬರ ತೋಳಿಗೆ ಅದನ್ನು ದಾಟಿಸುತ್ತಲೇ ಹೋಗಬೇಕಾಗಿತ್ತು. ಜಾತಿಯ ಗೆರೆಗಳನ್ನು ದಾಟದೆ ಈ ಸರಪಣಿ ಉಳಿಯುವಂತಿರಲಿಲ್ಲ. ಸಿಡುಬಿನ ರಸವನ್ನೇ ಆರೋಗ್ಯವಂತರಿಗೆ ಹಾಕಿ ಲಘುವಾಗಿ ರೋಗ ಬರಿಸುವ ಹಳೆಯ ಪದ್ಧತಿಯೂ ದೇಶದ ಕೆಲವೆಡೆ ಇದ್ದು, ಬಂಗಾಳದ ಟೀಕಾದಾರರು ಅದನ್ನು ದೇವಿಯ ಪೂಜೆ, ಪಥ್ಯಗಳೊಡನೆ ನಡೆಸುತ್ತಿದ್ದರು. ಹೊಸ ಕ್ರಮಕ್ಕೆ ಅಂಥ ಯಾವ ಸಂಸ್ಕಾರದ ಬೆಂಬಲವೂ ಇರಲಿಲ್ಲ.

ಮೈಸೂರಿನಲ್ಲಿ ಆ ಬೆಂಬಲವನ್ನು ಅರಮನೆ ಒದಗಿಸಿತು. ಥಾಮಸ್ ಹಿಕಿ 1805ರ ಸುಮಾರಿಗೆ ಬರೆದ ತೈಲಚಿತ್ರವೊಂದರಲ್ಲಿ ಮೂವರು ಸ್ತ್ರೀಯರಿದ್ದು, ಅವರಲ್ಲಿ ಬಲಬದಿಯವಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿಯೆಂದೂ, ಸೆರಗು ಸರಿಸಿ ಅವಳು ತೋರುತ್ತಿರುವುದು ದಾಕು ಹಾಕಿದ ತೋಳನ್ನೆಂದೂ ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ. ಅಂತಃಪುರದ ಹೆಣ್ಣು ತೋಳು ತೆರೆದು ನಿಂತದ್ದು ಆ ಕಾಲಕ್ಕೆ ಸಾಮಾನ್ಯ ಸಂಗತಿಯಲ್ಲ.

ಮದರಾಸಿನಲ್ಲಿ ನಡೆದುದು ಇಷ್ಟು ನೇರವಾದುದಲ್ಲ. ಕನ್ನಡ, ತಮಿಳು, ತೆಲುಗುಗಳು ಸಂಸ್ಕೃತದಿಂದ ಹುಟ್ಟಿದವಲ್ಲವೆಂದು 1816ರಲ್ಲಿ ಸಾರಿದ ಫ್ರಾನ್ಸಿಸ್ ವೈಟ್ ಎಲ್ಲಿಸನೇ ಲಸಿಕೆಯ ಪರವಾಗಿ ಸಂಸ್ಕೃತದಲ್ಲಿ ಪದ್ಯ ರಚಿಸಿ, ಹಳೆಯ ಕಾಗದದ ಮೇಲೆ ಬರೆಯಿಸಿ, ಪ್ರಾಚೀನ ಗ್ರಂಥವೊಂದು ದೊರೆತಂತೆ ಹಬ್ಬಿಸಿದನೆಂದು ಹತ್ತೊಂಬತ್ತನೆಯ ಶತಮಾನದ ಬರಹಗಳು ಹೇಳುತ್ತವೆ. ಗೋವಿನ ಕೊಡುಗೆಯೆಂದರೆ ಬ್ರಾಹ್ಮಣರು ಒಪ್ಪುವರೆಂಬುದು ಅದರ ಹಿಂದಿನ ಎಣಿಕೆ. ಉದ್ದೇಶ ಒಳ್ಳೆಯದಿರಬಹುದು, ಆದರೆ ಓದುಗನನ್ನು ಮೂಢನೆಂದು ಬಗೆದೇ ಹೊರಟ ಬರಹವದು. ರಾಣಿಯ ತೋಳಾದರೂ ಸುಳ್ಳಾಡಲಿಲ್ಲ. ಹಾಗಿದ್ದರೂ ಗೀರಿದ ರಸ ದೇಹದೊಳಗೆ ಏನು ಮಾಡುತ್ತದೆಂಬುದನ್ನು ಅದೂ ಹೇಳಲಿಲ್ಲ, ಅಂದು ಜೆನ್ನರನಿಗೂ ಅದು ತಿಳಿದಿರಲಿಲ್ಲ.

ಇತ್ತೀಚೆಗೆ ಕೆಲವು ಕಾಲೇಜುಗಳಲ್ಲಿ ವಿಜ್ಞಾನೇತರ ವಿದ್ಯಾರ್ಥಿಗಳಿಂದಲೇ ಲಸಿಕೆಯ ಕುರಿತು ಪಾಡ್‌ಕಾಸ್ಟ್, ಅಂದರೆ ಅಂತರಜಾಲದಲ್ಲಿ ಬೇಕಾದಾಗ ಕೇಳಬಹುದಾದ ಧ್ವನಿ ಕಾರ್ಯಕ್ರಮ, ಮಾಡಿಸುವ ಕ್ರಮ ಹಳೆಯ ದಾರಿಯನ್ನು ತಿರುವುಮುರುವು ಮಾಡುತ್ತದೆ. ರೋಗಾಣುವಿನ ವಿರುದ್ಧ ದೇಹವೇ ತಯಾರಿಸುವ ಪ್ರತಿಕಾಯವೆಂದರೇನೆಂದು ಸಹಪಾಠಿಗೆ ವಿವರಿಸಬೇಕಾದವನು ಮೊದಲು ತಾನು ತಿಳಿದುಕೊಳ್ಳಬೇಕಾಗುತ್ತದೆ. ಇಲ್ಲಿ ಚಿತ್ರದ ಆಕರ್ಷಣೆಯಾಗಲಿ ಹಳೆಯ ಕಾಗದದ ಗಾಂಭೀರ್ಯವಾಗಲಿ ನೆರವಿಗೆ ಬಾರದು, ಇರುವುದು ಮಾತೊಂದೇ.

ಹಿಕಿಯ ಚಿತ್ರಕ್ಕೆ ಅಂಥ ವಿವರಣೆಯ ಮಾತು ಜೊತೆಗಿರಲಿಲ್ಲ. ಅದರಲ್ಲಿರುವವರು ಆಸ್ಥಾನದ ನರ್ತಕಿಯರೆಂದೇ ನೋಡಿದವರು ಬಹುಕಾಲ ತಿಳಿದಿದ್ದರು.